ಗಾಳಿಬಾಗಿಲಿಗೆ ಹೋಗಿಬಂದವನು

ಪ್ರವಾಸ ಕಂಪನಿಯ ದಾರಿ ಮೇಷ್ಟ್ರು ಕಚೇರಿಯಲ್ಲಿ ತಮ್ಮ ಮೇಜಿನ ಕೆಳಗೆ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಬದಿ ಒಡೆದಿತ್ತು. ನಕ್ಷೆ ಸುರುಳಿಯಾಗದಂತೆ ಅಂಚಿಗೆ ಇಡುವ ಹಿತ್ತಾಳೆ ಗುಂಡು ಪಕ್ಕದಲ್ಲೇ ಉರುಳಿತ್ತು. ಬೆಳಿಗ್ಗೆ ಕಸ ಗುಡಿಸಲು ಬಂದ ಹೆಂಗಸು ಪೊರಕೆ ಎಸೆದು ಕಿರುಚಿಕೊಂಡಿದ್ದಳು.

ಇನ್‌ಸ್ಪೆಕ್ಟರ್ ಬಂದವಳೇ ಬಾಗಿಲು ಹಾಕಿಸಿದಳು. ಮೇಜಿನ ಮೇಲಿದ್ದ ದೊಡ್ಡ ನಕ್ಷೆಯನ್ನು ಗುಂಡುಸೂಜಿಗಳ ಸಮೇತ ಮುಚ್ಚಿಸಿ, ಮೊಹರು ಹಾಕಿಸಿ, ಠಾಣೆಗೆ ಕಳಿಸಿದಳು. ಆಮೇಲೆ ಗೋಡೆಗಳತ್ತ ನೋಡಿದಳು. ಸುತ್ತಲೂ ಬೆಟ್ಟ, ಜಲಪಾತ, ಸೂರ್ಯಾಸ್ತ. ‘ಇದನ್ನು ನೋಡದ ಕಣ್ಣು ಕಣ್ಣೇ ಅಲ್ಲ’ ಎಂದು ಒಂದು ಪೋಸ್ಟರಿನ ಮೇಲೆ ಬರೆದಿತ್ತು. ಅವಳಿಗೆ ಮೈ ಉರಿಯಿತು. ಕಾರಿನಿಂದ ಇಳಿದು, ಬೆಟ್ಟಕ್ಕೆ ಬೆನ್ನು ತಿರುಗಿಸಿ, ತಮ್ಮದೇ ಮುಖದ ಫೋಟೊ ತೆಗೆದುಕೊಂಡು ಮತ್ತೆ ಕಾರು ಹತ್ತುವ ಜನ. ಅಂಥವರಿಗೆ ದಾರಿ ತೋರಿಸಲು ಒಂದು ಕಚೇರಿ ಬೇರೆ!

“ಈ ಕಡಲಿಂದ ಆ ಕಡಲಿನವರೆಗೆ ಕಾರಿನ ಪ್ರವಾಸ, ಮೇಡಂ,” ಎಂದ ಕಂಪನಿಯ ಯಜಮಾನ, ಬೆವರು ಒರೆಸಿಕೊಳ್ಳುತ್ತ. “ಎಲ್ಲಿ ನಿಲ್ಲಬೇಕು, ಎಲ್ಲಿ ನಿಂತ್ರೆ ದಂಡ, ಎಲ್ಲಾ ಮೇಷ್ಟ್ರೇ ಓಡಾಡಿ ಗೊತ್ತು ಮಾಡೋದು. ಅದನ್ನ ಪುಸ್ತಕವಾಗಿ ಬರೆಯೋದು ನಮ್ಮ ಲೇಖಕರು, ‘ಸಂಚಾರಿ’.”

ಸಂಚಾರಿ ಯಾರೆಂದು ಅವಳಿಗೂ ಗೊತ್ತಿತ್ತು. ಹೆಗಲಿಗೆ ಚೀಲ ಹಾಕಿಕೊಂಡು ದೂರ ದಿಟ್ಟಿಸುವ ಆ ಮುಖ ಪ್ರತಿ ಪುಸ್ತಕದ ಅಂಗಡಿಯಲ್ಲೂ ಇತ್ತು.

“ಮೇಷ್ಟ್ರ ಮೇಲೆ ಯಾರಿಗೆ ಕೋಪ?”

“ನಮ್ಮ ಡ್ರೈವರ್‌ಗೆ. ಮೊನ್ನೆ ಕೂಗಾಡ್ಬಿಟ್ಟ. ನಿನ್ನ ಕಣ್ಣು ಮಂಜಾಗಿದೆ, ಇನ್ನು ಬೆಟ್ಟದ ದಾರಿಗೆ ಬೇಡ ಅಂದಿದ್ರಂತೆ ಮೇಷ್ಟ್ರು.”

ಹಿತ್ತಾಳೆ ಗುಂಡಿನ ಮೇಲೆ ಡ್ರೈವರನ ಬೆರಳಚ್ಚು ಸಿಕ್ಕಿತು. ಮೇಷ್ಟ್ರು ಸತ್ತಿದ್ದು ಹಿಂದಿನ ಸಂಜೆ ಎಂದರು ಡಾಕ್ಟರು. ಅಷ್ಟು ಸಾಕಾಯಿತು.

“ಗುಂಡಿನ ಮೇಲೆ ನನ್ನ ಬೆರಳಿರದೆ ಇನ್ಯಾರದಿರುತ್ತೆ?” ಎಂದ ಡ್ರೈವರ್. “ದಿನಾ ನಕ್ಷೆ ಹಾಸಿ ಗುಂಡು ಇಡೋನು ನಾನೇ ಅಲ್ವಾ ಅಮ್ಮಾ?”

ಅವನು ಇನ್ನೂ ಏನೋ ಹೇಳಹೊರಟ. ಅವಳು ಕೈ ಅಡ್ಡ ಮಾಡಿದಳು. ಸಿಕ್ಕಿಬಿದ್ದವರೆಲ್ಲ ಅವಳ ಮುಂದೆ ಪುರಾಣ ತೆಗೆಯುವವರೇ. ಮಧ್ಯಾಹ್ನದ ಹೊತ್ತಿಗೆ ಅವನು ಲಾಕಪ್ಪಿನಲ್ಲಿದ್ದ. ಮರುದಿನ ಸಂಜೆ ಜಡ್ಜ್ ಮುಂದೆ ನಿಲ್ಲಿಸಿದರೆ ಅಲ್ಲಿಂದ ನೇರ ಜೈಲು. ಅವನ ಹೆಂಡತಿ ಬಂದು ಠಾಣೆಯ ಬೆಂಚಿನ ಮೇಲೆ ಕೂತಳು. ಅವಳನ್ನು ಯಾರೂ ಮಾತಾಡಿಸಲಿಲ್ಲ.

*

ಸಂಚಾರಿ ಮಧ್ಯಾಹ್ನ ಠಾಣೆಗೆ ಬಂದ. ಕುರ್ಚಿ ತೋರಿಸುವ ಮೊದಲೇ ಕೂತ.

“ನಿನ್ನೆ ಸಂಜೆ ಎಲ್ಲಿದ್ರಿ?”

“ದಾರಿಯಲ್ಲಿ. ನನ್ನಂಥವನು ಇನ್ನೆಲ್ಲಿರ್ತಾನೆ?”

“ದಾರಿಗೆ ಹೆಸರಿಲ್ವಾ?”

“ಗಾಳಿಬಾಗಿಲು. ಇಲ್ಲಿಂದ ಮೂರು ಗಂಟೆ ಪ್ರಯಾಣ. ಎರಡು ಕಣಿವೆ ಒಟ್ಟಿಗೆ ತೆರೆದುಕೊಳ್ತವೆ. ಅಂಗಡಿ ಇಲ್ಲ, ಮನೆ ಇಲ್ಲ. ಗಾಳಿ ಮಾತ್ರ. ನಾನು ಅಲ್ಲಿ ಕಣ್ಣೀರು ಹಾಕ್ದೆ, ಮೇಡಂ.”

“ಮೇಷ್ಟ್ರು ಹೇಳಿದ ಜಾಗಾನಾ?”

ಅವನು ಮೂಗು ಮುರಿದ. “ಮೇಷ್ಟ್ರ ಮುಖ ನೋಡಿ, ಮಾತಾಡಿ ತಿಂಗಳಾಯ್ತು. ಅವರ ಹೊಸ ನಕ್ಷೆ ನಾನಿನ್ನೂ ನೋಡೇ ಇಲ್ಲ. ಗಾಳಿಬಾಗಿಲು ನಾನೇ ಕಂಡುಹಿಡಿದಿದ್ದು.”

ಅವನು ಹೋದ ಮೇಲೆ ಅವಳು ಕಾನ್‌ಸ್ಟೇಬಲ್ ಕಡೆ ತಿರುಗಿದಳು. “ಕೊಲೆ ವಿಷಯ ಕೇಳಿದ್ರೆ ಕವಿತೆ ಓದ್ತಾನಲ್ಲ! ನಾಳೆ ಬೆಳಿಗ್ಗೆ ಜೀಪು ತೆಗಿ. ಇವನು ಕಣ್ಣೀರು ಹಾಕಿದ ಜಾಗ ನಾನೂ ನೋಡ್ಬೇಕು.”

ಡ್ರೈವರ್ ನಿರಪರಾಧಿ ಇರಬಹುದೆಂಬ ಯೋಚನೆ ಅವಳಿಗೆ ಆಗ ಬಂದಿರಲಿಲ್ಲ. ಸಂಚಾರಿಯನ್ನು ಕಂಡರೆ ಆಗಲಿಲ್ಲ, ಅಷ್ಟೇ.

ಅಷ್ಟರಲ್ಲಿ ಯಜಮಾನನ ಸುಳ್ಳೂ ಹೊರಬಿತ್ತು. ಸಂಜೆ ಮನೆಯಲ್ಲಿದ್ದೆ ಎಂದಿದ್ದ; ಇರಲಿಲ್ಲ ಎಂದಳು ಅವನ ಹೆಂಡತಿ. ಗದರಿಸಿದಾಗ ಬಾಯಿ ಬಿಟ್ಟ. ಎದುರಾಳಿ ಕಂಪನಿಯ ಆಫೀಸಿನಲ್ಲಿ ಕೂತು ತನ್ನ ಕಂಪನಿ ಮಾರುವ ಮಾತಾಡುತ್ತಿದ್ದ. ಅಲ್ಲಿನವರು ಹೌದೆಂದರು. ಬೆನ್ನ ಹಿಂದೆ ಚೂರಿ ಹಾಕುವ ಮನುಷ್ಯ, ಕೈಯಾರೆ ಗುಂಡು ಎತ್ತುವ ತಾಕತ್ತು ಇವನಿಗೆಲ್ಲಿ ಎಂದು ಅವಳು ಅವನನ್ನು ಬಿಟ್ಟಳು.

*

ಸಂಚಾರಿ ಹೇಳಿದ್ದ ಗುರುತು ಹಿಡಿದು ಹೋದರೆ, ಗಾಳಿಬಾಗಿಲು ಇರಬೇಕಾದ ಜಾಗದಲ್ಲಿ ಜಲ್ಲಿ ಕ್ರಷರ್ ಇತ್ತು.

ಕಣಿವೆ ಇಲ್ಲ. ಬೆಟ್ಟವನ್ನು ಅರ್ಧ ಕಡಿದು ಹಾಕಿದ್ದರು. ಮೈತುಂಬ ಬಿಳಿ ಧೂಳು ಮೆತ್ತಿಕೊಂಡಿದ್ದ ಮೇಸ್ತ್ರಿ ಯಂತ್ರದ ಸದ್ದಿನ ನಡುವೆ ಕಿವಿಗೆ ಕೈ ಹಿಡಿದು ಕೇಳಿಸಿಕೊಂಡ.

“ಗಾಳಿಬಾಗಿಲಾ? ಎಷ್ಟೋ ವರ್ಷದಿಂದ ಇಲ್ಲೇ ಇದೀನಿ, ಹೆಸರೇ ಕೇಳಿಲ್ಲ. ಹಿಂದೆ ಒಬ್ಬರೂ ಹುಡುಕಿಕೊಂಡು ಬಂದಿಲ್ಲ.”

ಅವಳು ಬಾಯಿಯೊಳಗಿನ ಧೂಳು ಉಗಿದು ಜೀಪು ಹತ್ತಿದಳು. ಸಂಚಾರಿ ಸುಳ್ಳು ಹೇಳಿದ್ದ, ಸರಿ. ಆದರೆ ಆ ಹೆಸರು ಅವನಿಗೆ ಎಲ್ಲಿಂದ ಬಂತು?

ಠಾಣೆಗೆ ಬಂದು ನಕ್ಷೆಯ ಮೊಹರು ಒಡೆಸಿದಳು. ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಕೆಂಪು ತಲೆಯ ಗುಂಡುಸೂಜಿಗಳು, ಒಂದೊಂದಕ್ಕೂ ಒಂದು ಚೀಟಿ. ನಡುವೆ ಮೇಷ್ಟ್ರ ಅಕ್ಷರದಲ್ಲಿ ಅದೂ ಇತ್ತು: ‘ಗಾಳಿಬಾಗಿಲು. ಎರಡು ಕಣಿವೆ ಒಟ್ಟಿಗೆ. ಅಂಗಡಿ, ಮನೆ ಇಲ್ಲ.’

ಯಜಮಾನನನ್ನು ಕರೆಸಿದಳು. “ಇಲ್ಲದ ಜಾಗಕ್ಕೆ ನಿಮ್ಮ ಮೇಷ್ಟ್ರು ಯಾಕೆ ಸೂಜಿ ಚುಚ್ಚಿದ್ರು?”

ಯಜಮಾನ ಮೊದಲ ಬಾರಿ ನಕ್ಕ. “ಓ, ಈ ಸಲದ್ದು ಇದಾ? ಪ್ರತಿ ನಕ್ಷೆಯಲ್ಲೂ ಒಂದು ಸುಳ್ಳು ಜಾಗ ಇಡೋದು ಅವರ ಪದ್ಧತಿ, ಮೇಡಂ. ಎದುರಾಳಿ ನಮ್ಮ ದಾರಿ ಕದ್ರೆ ಆ ಸುಳ್ಳೂ ಅವರ ಪುಸ್ತಕಕ್ಕೆ ಹೋಗುತ್ತೆ, ಸಿಕ್ಕಿಬೀಳ್ತಾರೆ. ಅದನ್ನ ಕೊನೆಗೆ ಚುಚ್ಚೋದು. ಚುಚ್ಚಿದ ತಕ್ಷಣ ನಕ್ಷೆ ಬೀರುವಿಗೆ. ಯಾವುದು ಅಂತ ನನಗೂ ಹೇಳ್ತಿರ್ಲಿಲ್ಲ.”

“ಸಂಚಾರಿಗೆ ಈ ಪದ್ಧತಿ ಗೊತ್ತಿತ್ತಾ?”

“ಅವರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ಹೋಗಿಬಂದವರಿಗೆ ಹೇಗೂ ಗೊತ್ತಾಗುತ್ತಲ್ಲ.”

ಅವಳು ಸಂಚಾರಿಯ ಹಳೆಯ ಪುಸ್ತಕಗಳನ್ನು ತರಿಸಿ, ಅವುಗಳಲ್ಲಿದ್ದ ಜಾಗಗಳನ್ನು ಸರ್ಕಾರಿ ನಕ್ಷೆಯ ಜೊತೆ ತಾಳೆ ನೋಡಿದಳು. ಪ್ರತಿಯೊಂದರಲ್ಲೂ ಸುಳ್ಳು ಜಾಗಕ್ಕೆ ಇಡೀ ಒಂದು ಅಧ್ಯಾಯ ಮೀಸಲಾಗಿತ್ತು. ಇಲ್ಲದ ಕೆರೆಯಲ್ಲಿ ಈಜಿದ್ದ. ಇಲ್ಲದ ಗುಹೆಯಲ್ಲಿ ಧ್ಯಾನಕ್ಕೆ ಕೂತಿದ್ದ. ಇದನ್ನು ಜನ ಹಣ ಕೊಟ್ಟು ಓದುತ್ತಿದ್ದರಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

*

“ಗಾಳಿಬಾಗಿಲಿಗೆ ಹೋಗಿಬಂದೆ,” ಎಂದಳು.

ಸಂಚಾರಿ ಮುಗುಳ್ನಕ್ಕ. “ಹೇಗನಿಸ್ತು?”

“ಕಣ್ಣೀರು ಬಂತು. ಜಲ್ಲಿ ಧೂಳಿಗೆ.”

ನಗು ಅಲ್ಲೇ ನಿಂತಿತು.

“ಆ ಜಾಗ ಇಲ್ಲ. ಮೇಷ್ಟ್ರ ತಲೆಯಲ್ಲಿ ಇತ್ತು, ಆಮೇಲೆ ಈ ನಕ್ಷೆ ಮೇಲೆ. ಕೊನೆ ಸೂಜಿ ಚುಚ್ಚಿದ ತಕ್ಷಣ ಅವರು ನಕ್ಷೆ ಬೀರುವಿಗೆ ಇಡ್ತಿದ್ರು. ನಮಗದು ಮೇಜಿನ ಮೇಲೇ ಸಿಕ್ತು. ಅಂದ್ರೆ ಸೂಜಿ ಚುಚ್ಚಿ ಕೈ ತೆಗೆಯೋ ಹೊತ್ತಿಗೆ ಸತ್ರು. ಬೆಳಿಗ್ಗೆ ನಾನೇ ಮೊಹರು ಹಾಕಿಸ್ದೆ. ಮಧ್ಯೆ ಆ ಚೀಟಿ ಓದೋಕೆ ಕೊಂದವನಿಗೆ ಮಾತ್ರ ಸಾಧ್ಯ. ಮೇಷ್ಟ್ರ ಹತ್ರ ಮಾತಾಡಿ ತಿಂಗಳಾಯ್ತು ಅಂತ ನೀವೇ ಹೇಳಿದ್ದೀರಿ. ಸಾಕ್ಷಿ ಹೇಳೋಕೆ ಅಲ್ಲಿ ಜನ ಇಲ್ಲ ಅಂತ ಓದಿ ಅದನ್ನೇ ಆರಿಸ್ಕೊಂಡ್ರಿ. ಕೈಗೆ ಬಟ್ಟೆ ಸುತ್ತಿಕೊಳ್ಳೋಷ್ಟು ಬುದ್ಧಿ ಇತ್ತು. ಹೋಗಿ ನೋಡೋ ಬುದ್ಧಿ ಇರ್ಲಿಲ್ಲ.”

ಸಂಚಾರಿ ನಕ್ಷೆಯನ್ನು ಆಚೆ ತಳ್ಳಿದ.

“ಈ ಪುಸ್ತಕದ ಮೇಲೆ ನನ್ನ ಹೆಸರೂ ಇರ್ಲಿ ಅಂದ ಆ ಮೇಷ್ಟ್ರು,” ಎಂದ. “ಇಲ್ದಿದ್ರೆ ನೀನು ಮನೆ ಬಿಟ್ಟು ಹೋದೋನೇ ಅಲ್ಲ ಅಂತ ಎಲ್ಲರಿಗೂ ಹೇಳ್ತೀನಿ ಅಂದ. ಎರಡು ಸಾಲು ನೆಟ್ಟಗೆ ಬರೆಯೋಕೆ ಬರದೋನು!”

“ಎಳ್ಕೊಂಡು ಹೋಗಿ,” ಎಂದಳು ಕಾನ್‌ಸ್ಟೇಬಲ್‌ಗೆ.

*

ಲಾಕಪ್ಪಿನ ಬೀಗ ತೆಗೆಸಿದಳು. ಡ್ರೈವರ್ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಅವನ ಹೆಂಡತಿ ಬೆಂಚಿನಿಂದ ಎದ್ದಳು.

“ನೀವಿನ್ನು ಹೋಗಬಹುದು,” ಎಂದಳು ಇನ್‌ಸ್ಪೆಕ್ಟರ್. ಕೈ ಮುಗಿಯುತ್ತಾರೆಂದು ಕಾದಳು.

ಹೆಂಗಸು ಕೈ ಮುಗಿಯಲಿಲ್ಲ. “ಆ ದೊಡ್ಡ ಮನುಷ್ಯರ ಮಾತು ನಿಜಾನಾ ಸುಳ್ಳಾ ಅಂತ ನೋಡೋಕೆ ಮೂರು ಗಂಟೆ ಜೀಪಲ್ಲಿ ಹೋಗಿದ್ರಂತೆ?”

“ಹೌದು.”

“ಮೊನ್ನೆ ಸಂಜೆ ಇವರು ನಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ರಾತ್ರಿವರೆಗೂ ಅಲ್ಲೇ ಇದ್ರು. ಡಾಕ್ಟರ್ ನೋಡಿದಾರೆ, ನರ್ಸ್ ನೋಡಿದಾರೆ. ಆಸ್ಪತ್ರೆ ಈ ಬೀದಿಯಲ್ಲೇ ಇದೆ.”

ಇನ್‌ಸ್ಪೆಕ್ಟರ್ ಬಾಗಿಲಾಚೆಯ ಬೀದಿಯತ್ತ ತಿರುಗಿದಳು.

ಹೆಂಗಸು ಅವಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಇನ್‌ಸ್ಪೆಕ್ಟರ್ ಎರಡು ದಿನದಿಂದ ಎಲ್ಲರನ್ನೂ ನೋಡಿದ್ದು ಅದೇ ರೀತಿ. ಆಮೇಲೆ ಗಂಡನ ಕೈ ಹಿಡಿದು, “ಮೆಟ್ಟಿಲಿದೆ, ನೋಡ್ಕೊಂಡು,” ಎನ್ನುತ್ತ ಹೊರಗೆ ನಡೆದಳು.