ಎರೆಭೂತಕ್ಕೆ ಓಗೊಟ್ಟವನು

ಸಂಜೆಯ ಗಾಳಿ ಇಳಿಯುತ್ತಿದ್ದಂತೆ ಪರದೆಯ ಮೇಲೆ ಎರಡನೆಯ ಚುಕ್ಕೆ ಹೊತ್ತಿಕೊಂಡಿತು. ಶಮೀಮಾ ಕುರ್ಚಿ ಬಿಟ್ಟು ಎದ್ದಳು.

ಅವಳು ಕಂಡುಹಿಡಿದ ನೆಲಗಿವಿಯನ್ನು ಸಿರುಗುಪ್ಪದ ಎರೆಬಯಲಿನ ತುಂಬ ಹೂತಿದ್ದರು. ಜೋಳದ ಕಾಳಿನಷ್ಟು ಸಣ್ಣ ಯಂತ್ರಗಳು ಅವು. ಮಣ್ಣಿನಲ್ಲಿ ಹಾಯುವ ಅದುರನ್ನು ಹಿಡಿದು, ಇದು ನರಿಯ ಹೆಜ್ಜೆ, ಇದು ಇಂಥ ಹಕ್ಕಿಯ ದನಿ ಎಂದು ಗುರುತಿಸಿ ಪರದೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತಿದ್ದವು. ಕಾಡುಪ್ರಾಣಿಗಳ ಸದ್ದು ಕೇಳಿದ ನೆಲವನ್ನು ಸರ್ಕಾರ ಅಭಯಾರಣ್ಯಕ್ಕೆ ಸೇರಿಸುತ್ತ ಬಂದಿತ್ತು; ಅಲ್ಲಿ ಕುರಿ ಮೇಯಿಸಿದರೆ ಕೇಸು ಬೀಳುತ್ತಿತ್ತು. ಜನರ ಬದುಕಿಗೆ ಕದ್ದು ಕಿವಿಗೊಡಬಾರದೆಂದು, ಮನುಷ್ಯರ ಹೆಜ್ಜೆ ಮತ್ತು ಮಾತನ್ನು ಬಿಟ್ಟುಬಿಡುವಂತೆ ಶಮೀಮಾಳೇ ಅವಕ್ಕೆ ಕಲಿಸಿದ್ದಳು.

ಎರೆಭೂತವೆಂದರೆ ಸೊಂಟದೆತ್ತರದ ಭಾರವಾದ ಹಕ್ಕಿ. ಹಾರುವಾಗ ಅದಕ್ಕೆ ನೇರ ಎದುರಿನದು ಸರಿಯಾಗಿ ಕಾಣದು. ಕರೆಂಟಿನ ತಂತಿಗೆ ಬಡಿದು ಒಂದೊಂದಾಗಿ ಸತ್ತು, ಈ ಬಯಲಿನಲ್ಲಿ ಒಂದೇ ಒಂದು ಗಂಡು ಉಳಿದಿತ್ತು. ಮಳೆಗಾಲ ಬಂತೆಂದರೆ ಗಂಟಲು ಉಬ್ಬಿಸಿ "ಹೂಂ" ಎಂದು ಕೂಗುತ್ತಿತ್ತು. ಯಾವ ಕಡೆಯಿಂದಲೂ ಉತ್ತರ ಬರುತ್ತಿರಲಿಲ್ಲ. ಇಂದು ಬಂದಿತ್ತು.

"ಎರಡಿದ್ರೆ ನಿಯಮ ನಮ್ಮ ಕಡೆ ಮೇಡಂ!" ಫೋನಿನಲ್ಲಿ ಅರಣ್ಯಾಧಿಕಾರಿ ಪರಮಶಿವಯ್ಯನವರು ಕುಣಿಯುವುದೊಂದು ಬಾಕಿ. "ಅಭಯಾರಣ್ಯ ಹಿಗ್ಗಿಸಿ, ಆ ತಂತಿ ಕೀಳಿಸೇ ಬಿಡೋಣ. ನೀವೊಮ್ಮೆ ಕಣ್ಣಾರೆ ನೋಡ್ಕೊಂಡು ಬನ್ನಿ."

ಮರುದಿನ ಸಂಜೆ ಅವಳು ತಂತಿಯ ಆಚೆ, ಎರಡನೆಯ ಚುಕ್ಕೆಯ ಜಾಗಕ್ಕೆ ನಡೆದುಹೋದಳು. ಅಲ್ಲಿ ಹಕ್ಕಿ ಇರಲಿಲ್ಲ. ಕುರಿಗಾಹಿ ಮಾಳಪ್ಪ ಖಾಲಿ ಕೊಡದ ಬಾಯಿಗೆ ಬಾಯಿಟ್ಟು ಊದುತ್ತಿದ್ದ. ಅದು ಮಾತಲ್ಲವಾದ್ದರಿಂದ ನೆಲಗಿವಿ ಹಕ್ಕಿಯೆಂದೇ ಬಗೆದಿತ್ತು.

"ನೀನೇನಣ್ಣಾ ಕೂಗೋದು?"

"ಹೌದ್ರೀ. ಯಾಕ, ಇದಕ್ಕೂ ಕೇಸ್ ಹಾಕ್ತೀರೇನು?"

ಅವಳು ನಗಲಿಲ್ಲ. ಮಾಳಪ್ಪ ಕೊಡವನ್ನು ಮಡಿಲಿಗೆಳೆದುಕೊಂಡ. "ಮೊದಲೆಲ್ಲಾ ಸಂಜಿ ಆತಂದ್ರ ಈ ಹಟ್ಟಿಯಾಂವ ಕೂಗಾಂವ, ಆ ಹಟ್ಟಿಯಾಂವ ಓ ಅನ್ನಾಂವ. ಓ ಅನ್ನದಿದ್ರ ಏನಾತೋ ಅಂತ ಹುಡುಕ್ಕೊಂಡು ಹೋಗೂದು. ಈಗ ಎಲ್ಲಾರೂ ಕುರಿ ಮಾರಿ ಹೋದ್ರು. ಕೂಗೂದು ಆ ಹಕ್ಕಿ ಒಂದೇ ಉಳದೈತಿ. ಸುಮ್ನ ಹೆಂಗಿರ್ಲಿ? ಓ ಅಂದೆ."

"ಅದು ನಿನ್ನ ಹುಡುಕ್ಕೊಂಡು ಬಂದ್ರೆ?"

ಅವಳು ನೋಡುತ್ತಿದ್ದ ಕಡೆಗೆ ಅವನೂ ನೋಡಿದ. ಹಕ್ಕಿಗೂ ಅವನಿಗೂ ನಡುವೆ ತಂತಿ ಇಳಿಬಿಸಿಲಿಗೆ ಹೊಳೆಯುತ್ತಿತ್ತು. ಅವನು ಕೊಡವನ್ನು ನೆಲಕ್ಕಿಟ್ಟ.

ಶಮೀಮಾ ಫೋನ್ ಮಾಡಿದಳು. "ಹಕ್ಕಿ ಒಂದೇ ಸರ್. ಇನ್ನೊಂದು ಮನುಷ್ಯ."

ಪರಮಶಿವಯ್ಯ ದನಿ ತಗ್ಗಿಸಿದರು. "ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ ಅಂದ್ಕೊಳ್ಳಿ. ಚುಕ್ಕೆ ಎರಡಿದೆಯಲ್ಲ."

"ತಂತಿ ಕೀಳೋ ತನಕ ಇವನು ಕೂಗ್ತಾನೇ ಇರ್ಬೇಕಾಗುತ್ತೆ. ಅಷ್ಟರೊಳಗೆ ಅದು ಹಾರಿ ಬಂದ್ರೆ?"

"ಒಂದೇ ಹಕ್ಕಿಗೆ ತಂತಿ ಕೀಳೋ ನಿಯಮ ಇಲ್ಲ ಮೇಡಂ," ಎಂದರು ಪರಮಶಿವಯ್ಯ. ದನಿ ಸೋತಿತ್ತು.

ಫೋನಿಟ್ಟಾಗ ಆಚೆಯಿಂದ "ಹೂಂ" ಎಂಬ ಕೂಗು ಬಂತು. ಮಾಳಪ್ಪನ ಕೈ ಕೊಡದತ್ತ ಹೋಗಿ ಅರ್ಧದಲ್ಲೇ ನಿಂತಿತು. ಹಕ್ಕಿ ಮತ್ತೆ ಕೂಗಿತು. ಇನ್ನೊಮ್ಮೆ, ಇನ್ನಷ್ಟು ಜೋರಾಗಿ. ಅವನು ಕೊಡವನ್ನು ಬೋರಲು ಹಾಕಿದ.

"ಈ ಕರೆಂಟ್ ಕಂಬ ನಡೂವಾಗ ನಾನು ಸಣ್ಣಾಂವ," ಎಂದ ಮಾಳಪ್ಪ. "ಆವಾಗ ಒಂದು ಹಕ್ಕಿ ಕೂಗಿದ್ರ ನಾಕೂ ಕಡಿಂದ ಓ ಅಂತಿದ್ವು. ಕಂಬ ನಡಾವ್ರಿಗೂ ಕೇಳತಿತ್ರೀ."

ಆಗ ನೆಲಗಿವಿ ಇರಲಿಲ್ಲ ಎನ್ನಲು ಶಮೀಮಾ ಬಾಯಿ ತೆರೆದಳು. ಕಂಬ ನಟ್ಟವರಿಗೆ ಬರಿಗಿವಿಗೇ ಕೇಳಿಸಿತ್ತೆಂಬುದು ಹೊಳೆದು, ತೆರೆದ ಬಾಯಿ ಮುಚ್ಚಿದಳು.