ನಿಮ್ಮ ರಕ್ತದಲ್ಲೇ ಇದೆ ಔಷಧಿ

"ಮುಟ್ಟಬೇಡಿ! ದಮ್ಮಯ್ಯ ಅಂತೀನಿ, ಕೈ ಮುಟ್ಟಬೇಡಿ!"

ಶಿವಮೊಗ್ಗದ ಆ ಪುಟ್ಟ ನರ್ಸಿಂಗ್ ಹೋಮಿನ ಡ್ರೆಸ್ಸಿಂಗ್ ರೂಮಿನಲ್ಲಿ ಹಾಗೆ ಕೂಗಿದವನು ಕಾಂತರಾಜ್. ಭದ್ರಾವತಿಯ ಹುಡುಗ, ಫೌಂಡ್ರಿಯಲ್ಲಿ ಕೆಲಸ. ಕರಗಿದ ಕಬ್ಬಿಣ ಸಿಡಿದು ಬಲಗೈ ಬೆಂದಿತ್ತು.

ಎದುರಿಗಿದ್ದ ನರ್ಸ್ ಅಕ್ಷಯಾ ಸೊಂಟದ ಮೇಲೆ ಕೈಯಿಟ್ಟಳು.

"ಕಬ್ಬಿಣ ಕರಗಿಸೋರು ಬ್ಯಾಂಡೇಜ್ ಬಟ್ಟೆಗೆ ಹೆದರೋದಾ? ಒಳ್ಳೆ ಕಥೆ ಆಯ್ತಲ್ಲ ಮಾರಾಯ್ರೆ!"

ಅವನು ತಲೆಯೆತ್ತಿದ. ಕಣ್ತುಂಬ ನೀರು... ಆದರೂ ನಕ್ಕುಬಿಟ್ಟ! ಅಕ್ಷಯಾಳ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಶುರುವಾದದ್ದು ಹಾಗೆ.

ಆಮೇಲೆ ದಿನಾ ಬೆಳಿಗ್ಗೆ ಬಂದ. ಭದ್ರಾವತಿಯಲ್ಲಿ ಆಸ್ಪತ್ರೆಗೇನು ಬರವೇ? ಆದರೂ ಎಡಗೈಯಲ್ಲಿ ಕಂಬಿ ಹಿಡಿದು, ಪ್ರೈವೇಟ್ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ. ಉಳಿದ ಪೇಷಂಟುಗಳೆಲ್ಲ ಅವಳನ್ನು ಸಿಸ್ಟರ್ ಎಂದರೆ, ಇವನೊಬ್ಬ "ಅಕ್ಷಯಾ ಅವರೇ" ಎನ್ನುತ್ತಿದ್ದ. ಅವಳಿಗೆ ಅದು ಕೇಳಲು ಇಷ್ಟವಾಗಿತ್ತು.

ಅಂಟಿಕೊಂಡ ಬಟ್ಟೆ ಬಿಡಿಸಲು ಅದರ ಮೇಲೆ ಸಲೈನ್ ನೀರು ಸುರಿಯಬೇಕು. ತಣ್ಣಗಿದ್ದರೆ ಚುರ್ ಎನ್ನುತ್ತದೆಂದು, ಅವನು ಬರುವ ಹೊತ್ತಿಗೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಿರುತ್ತಿದ್ದಳು. ಅವನಿಗೊಬ್ಬನಿಗೇ!

ಒಂದು ದಿನ ಅವನು ಮೆಲ್ಲಗೆ ಹೇಳಿದ.

"ಅಕ್ಷಯಾ ಅವರೇ... ಮನೇಲಿ ರಾತ್ರಿಯೆಲ್ಲ ಉರಿಯುತ್ತೆ. ನಿಮ್ಮ ಕೈ ತಾಗಿದ್ರೆ ಮಾತ್ರ ನೋವೇ ಗೊತ್ತಾಗಲ್ಲ. ಯಾಕೆ ಹಿಂಗೆ?"

ಅವನ ಕಿವಿ ಕೆಂಪಾಗಿತ್ತು. ಅವಳ ಎದೆಯೂ ಡವಡವ ಹೊಡೆದುಕೊಂಡಿತು. ಏನಾದರೊಂದು ಹೇಳಬೇಕಲ್ಲ! ಹಿಂದಿನ ವಾರವಷ್ಟೇ ಡಾಕ್ಟರ್ ನರ್ಸುಗಳಿಗೆ ಮಾಡಿದ್ದ ಪಾಠ ನಾಲಿಗೆಯ ತುದಿಗೆ ಬಂದುಬಿಟ್ಟಿತು.

"ಅದು ನನ್ನ ಕೈಯಿಂದಲ್ಲ ರೀ! ಗಾಯ ಆದ ಕಡೆ ಬಿಳಿ ರಕ್ತಕಣ ಓಡಿ ಬರ್ತವೆ. ಅವು ರೋಗಾಣು ಜೊತೆ ಬರೀ ಜಗಳ ಆಡೋಕೆ ಬರಲ್ಲ. ಅಫೀಮಿನಂಥ ಔಷಧಿ ತಾವೇ ತಯಾರು ಮಾಡಿ, ಅಲ್ಲೇ ಬಿಡ್ತವೆ. ಅದು ನರದ ತುದಿಗೆ ತಾಗಿದ್ರೆ ನೋವು ಕಮ್ಮಿಯಾಗುತ್ತೆ. ನಿಮ್ಮ ರಕ್ತದಲ್ಲೇ ಇದೆ ಔಷಧಿ!"

ಅವನು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಹಂಗಾದ್ರೆ... ನಿಮ್ಮಿಂದ ಏನೂ ಇಲ್ಲ ಅನ್ನಿ."

"ಹೂಂ, ಮತ್ತೆ!"

ಅಯ್ಯೋ ಹುಚ್ಚು ಹುಡುಗೀ! ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಮಾರ್ಕ್ಸು ಸಿಗುತ್ತಿತ್ತು. ಆದರೆ ಅವನು ಕೇಳಿದ್ದು ಪಾಠವಾ?

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೊಬೈಲು ಇನ್ನೂ ದೊಡ್ಡವರ ಜೇಬಿನಲ್ಲಷ್ಟೇ ಇದ್ದ ಕಾಲ. ಫೋನ್ ಮಾಡೋಣವೆಂದರೆ ಎಲ್ಲಿಗೆ? ಭದ್ರಾವತಿ ಬಸ್ಸು ಹಾರ್ನ್ ಹೊಡೆದರೆ ಸಾಕು, ಅಕ್ಷಯಾ ಕಿಟಕಿಗೆ ಓಡುತ್ತಿದ್ದಳು. ಇಳಿದವರಲ್ಲಿ ಅವನಿರುತ್ತಿರಲಿಲ್ಲ. ಸಲೈನ್ ಬಾಟಲಿ ಮಾತ್ರ ದಿನಾ ಬಿಸಿನೀರಿನಲ್ಲಿ ಕೂರುತ್ತಿತ್ತು.

ಹಿರಿಯ ನರ್ಸ್ ಮೀರಾ ಅದನ್ನು ನೋಡಿ, ಯಾರಿಗೆ ಇದು ಎಂದು ಕೇಳಿದಳು. ಅಕ್ಷಯಾ ಎಲ್ಲ ಹೇಳಿದಳು. ಮೀರಾ ಹಣೆ ಚಚ್ಚಿಕೊಂಡಳು.

"ಅಲ್ವೇ ಮಾರಾಯ್ತಿ! ಅವನು ನಿನ್ನನ್ನ ಇಷ್ಟ ಅಂತ ಹೇಳೋಕೆ ಬಂದ್ರೆ, ನೀನು ಬಿಳಿ ರಕ್ತಕಣ ಅಂದ್ಯಾ? ನಿನ್ನ ಅಗತ್ಯ ನಂಗಿಲ್ಲ, ಹೋಗು ಅಂದ ಹಾಗೆ ಆಯ್ತಲ್ಲೇ!"

ಅಕ್ಷಯಾ ಬಿಸಿನೀರಿನಲ್ಲಿದ್ದ ಬಾಟಲಿಯತ್ತ ನೋಡಿದಳು. 'ಅಯ್ಯೋ ದೇವರೇ... ನಾನೇ ಕಳಿಸಿಬಿಟ್ನಾ?'

ಭಾನುವಾರ ಡ್ರೆಸ್ಸಿಂಗ್ ಸಾಮಾನು ಬ್ಯಾಗಿಗೆ ತುಂಬಿ ಭದ್ರಾವತಿ ಬಸ್ಸು ಹತ್ತಿದಳು. ಅರ್ಧಕ್ಕೆ ಬಿಟ್ಟ ಗಾಯ ಕೀವು ಕಟ್ಟಿದರೆ? ನರ್ಸು ತಾನೇ, ನೋಡಲು ಹೋಗಬೇಕಾದದ್ದೇ! ದಾರಿಯುದ್ದಕ್ಕೂ ತನಗೆ ತಾನೇ ಈ ನೆಪ ಹೇಳಿಕೊಂಡಳು.

ನರ್ಸಿಂಗ್ ಹೋಮಿನ ರಿಜಿಸ್ಟರಿನಲ್ಲಿದ್ದ ವಿಳಾಸ ಹಿಡಿದು, ಹೊಸಮನೆ ಬಡಾವಣೆಯ ಬೀದಿಯಲ್ಲಿ ಕೇಳಿಕೊಂಡು ಹೋದರೆ, ಕಾಂತರಾಜ್ ಬಾಗಿಲಲ್ಲೇ ಕೂತಿದ್ದ. ಅವಳನ್ನು ಕಂಡು ದಡಕ್ಕನೆ ಎದ್ದ. ಮುಖ ಅರಳಿತು... ಮರುಕ್ಷಣವೇ ಬಾಡಿತು.

"ಬನ್ನಿ, ಸಿಸ್ಟರ್."

ಸಿಸ್ಟರ್! ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಗಾಯ ನೋಡೋಣ ಅಂತ..."

ಅವನು ಕೈ ಚಾಚಿದ. ಬೆಳ್ಳಗಿನ ಹೊಸ ಬ್ಯಾಂಡೇಜು, ಅಚ್ಚುಕಟ್ಟಾಗಿ ಕಟ್ಟಿತ್ತು.

"ಇಲ್ಲೇ ಹತ್ರ ಒಂದು ಕ್ಲಿನಿಕ್ಕಲ್ಲಿ ಕಟ್ಟಿಸ್ಕೊಳ್ತಿದ್ದೀನಿ. ವಾಸಿಯಾಗ್ತಿದೆ. ನಿಮಗ್ಯಾಕೆ ತೊಂದರೆ?"

ಮುಗಿಯಿತು! ಇದ್ದ ಒಂದೇ ನೆಪವೂ ಹೋಯಿತು. ಇನ್ನು ವಾಪಸ್ ಬಸ್ಸು ಹತ್ತಬೇಕು, ಇಲ್ಲವೇ ಬಾಯಿಬಿಟ್ಟು ಹೇಳಬೇಕು.

"ಅಲ್ಲಿ ಕಟ್ಟುವಾಗ... ನೋವಾಗಲ್ವಾ?"

ಅವನು ನೆಲ ನೋಡಿದ. "ಜೀವ ಹೋಗುತ್ತೆ."

"ಅದೇ ರಕ್ತ ತಾನೇ? ಔಷಧಿ ಎಲ್ಲಿ ಹೋಯ್ತು?"

"ಅದನ್ನ ನೀವೇ ಹೇಳ್ಬೇಕು. ಓದಿದೋರು."

ಅವಳ ಕಣ್ಣು ತುಂಬಿ ಬಂತು.

"ನಾನು ಅವತ್ತು ಹೇಳಿದ್ದು ಸುಳ್ಳಲ್ಲ ರೀ. ಆದ್ರೆ ನೀವು ಕೇಳಿದ್ದಕ್ಕೆ ಅದು ಉತ್ತರ ಅಲ್ಲ. ಹೆದರಿ ಏನೇನೋ ಅಂದ್ಬಿಟ್ಟೆ. ಆ ಔಷಧಿ ನನ್ನ ರಕ್ತದಲ್ಲೂ ಇರ್ಬೇಕಲ್ವಾ? ನೀವು ಬರದೇ ಇದ್ದಾಗಿಂದ ನಂಗೆ... ಅದು ಸಾಲ್ತಾನೇ ಇಲ್ಲ!"

ಕಾಂತರಾಜ್ ಎಡಗೈ ಚಾಚಿ ಅವಳ ಬ್ಯಾಗು ತೆಗೆದುಕೊಂಡ.

"ಒಳಗೆ ಬಾ... ಅಕ್ಷಯಾ."

'ಅವರೇ' ಬಿಟ್ಟುಹೋಗಿತ್ತು. ಅವಳು ಅಳುತ್ತಲೇ ನಕ್ಕಳು.

ಕಾಫಿ ಲೋಟ ಹಿಡಿದು ಬಂದ ಅವನ ತಾಯಿ ಹಾಲಮ್ಮ ಇಬ್ಬರ ಮುಖವನ್ನೂ ನೋಡಿದರು. ಏನು ಅರ್ಥವಾಯಿತೋ, ಕೇಳಿದ್ದು ಮಾತ್ರ ಗಾಯದ ಬಗ್ಗೆ.

"ಹೆಂಗೈತಮ್ಮಾ ಇವನ ಕೈ? ಇನ್ನೆಷ್ಟು ದಿನ ನೋಡ್ಕೋಬೇಕು?"

ಅಕ್ಷಯಾ ಕಣ್ಣೊರೆಸಿಕೊಂಡಳು.

"ಬೇಗ ವಾಸಿಯಾಗುತ್ತೆ ಅಮ್ಮಾ. ವಾಸಿಯಾದ ಮೇಲೂ ನಾನೇ ನೋಡ್ಕೋತೀನಿ."