ದಶಕಳ ಹೊಟ್ಟೆಕಿಚ್ಚು

ಏಣಿ ಬಗ್ಗಿದ.

ನಡೆದದ್ದು ಅಷ್ಟೇ. ಆಫೀಸಿನ ಆ ತುದಿಯಲ್ಲಿ ಗುಬ್ಬಿ ತನ್ನ ಕಂಪ್ಯೂಟರಿನಲ್ಲಿ ಏನನ್ನೋ ತೋರಿಸಿದಳು, ಏಣಿ ತನ್ನ ಉದ್ದನೆಯ ಬೆನ್ನು ಬಗ್ಗಿಸಿ ಅವಳ ಹೆಗಲ ಮೇಲಿಂದ ನೋಡಿದ, ಇಬ್ಬರೂ ನಕ್ಕರು. ಈ ತುದಿಯಲ್ಲಿ ಕೂತಿದ್ದ ದಶಕಳ ಹೊಟ್ಟೆಯೊಳಗೆ ಯಾರೋ ಒಗ್ಗರಣೆ ಹಾಕಿದ ಹಾಗೆ ಚುರ್ರ್ ಅಂದಿತು.

ಅಪ್ಪ ಅಮ್ಮ ಇಟ್ಟ ಹೆಸರು ಆ ಆಫೀಸಿನಲ್ಲಿ ಸಂಬಳದ ಚೀಟಿಯಲ್ಲಿ ಮಾತ್ರ ಇರುತ್ತಿತ್ತು. ಯಾವ ಕಂಪನಿಯ ಷೇರಿಗೆ ಎಷ್ಟು ಬೆಲೆ ಕೊಡಬಹುದು ಅಂತ ಅಳೆದು ಹೇಳುವುದು ಅವರ ಕಸುಬು. ಒಬ್ಬರನ್ನೊಬ್ಬರು ಅಳೆದು ಅಡ್ಡಹೆಸರು ಇಡುವುದು ಉಪಕಸುಬು. ಮೇಲಿನ ಶೆಲ್ಫಿನ ಫೈಲನ್ನು ಸ್ಟೂಲ್ ಹತ್ತದೆ ತೆಗೆಯುವವನು ಏಣಿ. ಸೇರಿದ ದಿನದಿಂದ ಚಿಲಿಪಿಲಿ ನಿಲ್ಲಿಸದವಳು ಗುಬ್ಬಿ. ಇನ್ನು ಯಾವ ಕಂಪನಿಯ ಹೆಸರೆತ್ತಿದರೂ "ಹತ್ತು ವರ್ಷದ್ದು ನೋಡೋಣ" ಅನ್ನುವವಳು ದಶಕ.

ಆ ಹೆಸರನ್ನು ಅವಳಿಗೆ ಇಟ್ಟವನು ಏಣಿಯೇ. ಇಟ್ಟ ದಿನ ಕೋಪ ಮಾಡಿಕೊಂಡಿದ್ದಳು. ಆಮೇಲೆ ಅವನು ಆ ಹೆಸರು ಕೂಗುವಾಗ ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುತ್ತಾನೆ ಅಂತ ಗೊತ್ತಾದಾಗಿನಿಂದ, ಕೂಗಲಿ ಅಂತಲೇ ಒಂದೆರಡು ಸಲ ಕೇಳಿಸದವಳ ಹಾಗೆ ಕೂತಿದ್ದಳು.

"ಹೋದ ವರ್ಷದ ಲಾಭ ಒಂದೇ ನೋಡಿ ಷೇರು ಕೊಳ್ಳೋದು ಅಂದ್ರೆ, ಮದುವೆ ಮನೇಲಿ ಹುಡುಗನ್ನ ನೋಡಿ ಒಪ್ಪಿಕೊಂಡ ಹಾಗೆ" ಎಂದು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದಳು. "ಅವತ್ತು ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿರ್ತಾರೆ. ಹತ್ತು ವರ್ಷ ನೋಡಿ. ಒಳ್ಳೇ ವರ್ಷ, ಕೆಟ್ಟ ವರ್ಷ, ಜ್ವರ ಬಂದ ವರ್ಷ, ಎಲ್ಲಾ ಸೇರಿಸಿ. ಆದ್ರೆ ಹಾಗ್ಹಾಗೇ ಸೇರಿಸಬಾರದು. ಆಗಿನ ಎರಡು ಈಗಿನ ನಾಲ್ಕಕ್ಕೆ ಸಮ ಇರಬಹುದು. ಒಂದೊಂದು ವರ್ಷದ್ದನ್ನೂ ಇವತ್ತಿನ ಬೆಲೆಗೆ ತಂದು, ಆಮೇಲೆ ಸರಾಸರಿ. ಷೇರಿನ ಬೆಲೆ ಆ ಸರಾಸರಿಯ ಎಷ್ಟು ಪಟ್ಟು ಅಂತ ನೋಡಿದ್ರೆ ಕಂಪನಿಯ ನಿಜವಾದ ಮುಖ ಕಾಣುತ್ತೆ."

ಇಷ್ಟು ಬಲ್ಲವಳಿಗೆ ಪಕ್ಕದ ಮೇಜಿನ ಏಣಿಯ ಮುಖ ನೋಡಿ ಒಂದು ಮಾತು ಹೇಳಲು ಬಂದಿರಲಿಲ್ಲ.

ಅವರಿಬ್ಬರ ನಡುವೆ ಇದ್ದದ್ದು ಒಂದು ಪೆನ್ಸಿಲ್. ಯಾರ ವರದಿಯೂ ಇನ್ನೊಬ್ಬರು ಓದದೆ ದೊಡ್ಡ ಮೇಡಂ ಮೇಜಿಗೆ ಹೋಗಕೂಡದು ಅಂತ ಆ ಆಫೀಸಿನಲ್ಲಿ ಕಟ್ಟುನಿಟ್ಟು; ಹಾಗೆ ಓದುವವರಿಗೆ 'ಎರಡನೇ ಕಣ್ಣು' ಅನ್ನುತ್ತಿದ್ದರು. ದಶಕಳಿಗೆ ಏಣಿ, ಏಣಿಗೆ ದಶಕ. ಅವನು ಅವಳ ಲೆಕ್ಕ ಓದುವಾಗ ಪೆನ್ಸಿಲನ್ನು ಮೇಲ್ತುಟಿಗೂ ಮೂಗಿಗೂ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದ. ತಪ್ಪು ಸಿಗದೆ ಕೊನೆಯ ಪುಟಕ್ಕೆ ಬಂದಾಗ ಹುಬ್ಬು ಏರಿಸಿ, "ಒಂದಾದ್ರೂ ತಪ್ಪು ಮಾಡ್ರೀ, ನನ್ನ ಕೆಲಸ ಹೋಗುತ್ತೆ" ಅನ್ನುತ್ತಿದ್ದ. ಆ ಹುಬ್ಬಿಗಾಗಿ ಅವಳು ತಪ್ಪಿಲ್ಲದೆ ಬರೆಯುತ್ತಿದ್ದಳು ಅಂದರೆ ಯಾರು ನಂಬುತ್ತಾರೆ?

ಆಮೇಲೆ ಗುಬ್ಬಿ ಹಾರಿ ಬಂದಳು. ವಾರ ತುಂಬುವ ಮೊದಲೇ "ಲೋ ಏಣಿ, ಬಾರೋ ಇಲ್ಲಿ" ಅಂದಳು. ದಶಕ ಇನ್ನೂ "ರೀ, ನೋಡಿ" ಅನ್ನುವಲ್ಲೇ ಇದ್ದಳು.

ಈಗ ಏಣಿ, ಗುಬ್ಬಿ ಇಬ್ಬರೂ ಸೇರಿ ಒಂದು ಟೈಲ್ಸ್ ಕಂಪನಿಯ ವರದಿ ಬರೆದಿದ್ದರು. ಷೇರಿನ ಬೆಲೆ ನೂರ ಎಂಬತ್ತು, ಹೋದ ವರ್ಷ ಒಂದು ಷೇರಿಗೆ ಬಂದ ಲಾಭ ಇಪ್ಪತ್ತು. ಬರೀ ಒಂಬತ್ತು ಪಟ್ಟು, ಬಿಟ್ಟಿಗೆ ಸಿಕ್ಕ ಹಾಗೆ, ಕಣ್ಮುಚ್ಚಿ ಕೊಳ್ಳಿ ಅಂತ ವಾದ. ವರದಿ ಪಾಸಾದರೆ ಬೇರೆ ಊರಿನಲ್ಲಿ ತೆರೆಯುವ ಹೊಸ ಶಾಖೆಗೆ ಇದೇ ಜೋಡಿಯನ್ನು ಕಳಿಸುವುದಾಗಿ ದೊಡ್ಡ ಮೇಡಂ ಹೇಳಿದ್ದರು. ಜೋಡಿ! ಅದೇ ಪದ ಬಳಸಿದ್ದರು. ಬೇರೆ ಪದವೇ ಸಿಗಲಿಲ್ಲವೇ ಅವರಿಗೆ?

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಅಕ್ಕ ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು ಮಗಳಿಗೆ ಜಡೆ ಹಾಕುತ್ತಿದ್ದಳು. ಒಂದು ಕಾಲಿನಲ್ಲಿ ಮಗುವಿನ ಶೂ ಹುಡುಕುತ್ತಾ, ಒಂದು ಕಿವಿಯಲ್ಲಿ ಒಲೆಯ ಮೇಲಿನ ಹಾಲನ್ನು ಕಾಯುತ್ತಾ ಇದ್ದರೂ ತಂಗಿಯ ಮುಖ ಓದಲು ಅವಳಿಗೆ ಪುರುಸೊತ್ತಿತ್ತು.

"ಹೊಟ್ಟೆ ಉರಿಯೋ ವಾಸನೆ ಅಡುಗೆಮನೆ ತನಕ ಬರ್ತಿದೆಯಲ್ಲೇ."

"ನನಗ್ಯಾಕೆ ಹೊಟ್ಟೆ ಉರಿ? ಅವರವರ ಇಷ್ಟ, ಅವರವರ ಶಾಖೆ."

"ಹಾಗಾದ್ರೆ ಮಗು ಟಿಫಿನ್ ಡಬ್ಬಿ ನಿನ್ನ ಬ್ಯಾಗಲ್ಲಿ ಯಾಕಿದೆ?"

ದಶಕ ನೋಡಿಕೊಂಡಳು. ಇತ್ತು.

"ಅತ್ತರೆ ತಾನೇ ತಾಯಿನೂ ಹಾಲು ಕೊಡೋದು?" ಅಕ್ಕ ರಿಬ್ಬನ್ ಬಿಗಿದಳು, ಮಗು ಅಯ್ಯೋ ಅಂದಿತು. "ಬೇಕು ಅಂತ ಬಾಯಿ ಬಿಟ್ಟು ಹೇಳು. ಇಲ್ಲಾಂದ್ರೆ ಬಿಡು. ಎರಡೂ ಮಾಡದೆ ನಮ್ಮ ಡಬ್ಬಿ ಕದೀಬೇಡ."

ಬಾಯಿ ಬಿಡುವುದಕ್ಕಿಂತ ಲೆಕ್ಕ ಮಾಡುವುದು ಸುಲಭ. ಟೈಲ್ಸ್ ಕಂಪನಿಗೆ ಹತ್ತು ವರ್ಷದ ಲೆಕ್ಕ ಹಾಕಿ ಆಕ್ಷೇಪಣೆ ಬರೆಯುವುದಾಗಿ ದಶಕ ದೊಡ್ಡ ಮೇಡಂಗೆ ಹೇಳಿದಳು. ಅದು ಅವಳ ಕೆಲಸವೇ. ನಡುವೆ ಕೆಟ್ಟ ವರ್ಷಗಳು ಬಂದಿದ್ದ ಕಂಪನಿ ಅದು. ಮನೆ ಕಟ್ಟುವವರು ಹೆಚ್ಚಿದರೆ ಲಾಭ ಆಕಾಶಕ್ಕೆ, ಕಡಿಮೆಯಾದರೆ ಪಾತಾಳಕ್ಕೆ. ಯಾರೇ ಆದರೂ ಪ್ರಶ್ನೆ ಕೇಳಬೇಕಾದದ್ದೇ. ಹಾಗಂತ ತನಗೆ ತಾನೇ ಮೂರು ಸಲ ಹೇಳಿಕೊಂಡಳು. ಒಂದು ಸಲ ಹೇಳಿ ನಂಬಿಕೆ ಬಂದಿದ್ದರೆ ಮೂರು ಸಲ ಯಾಕೆ ಬೇಕಿತ್ತು?

ಹತ್ತು ವಾರ್ಷಿಕ ವರದಿಗಳಿಂದ ಹತ್ತು ಲಾಭಗಳನ್ನು ಇಳಿಸಿಕೊಂಡಳು. ಅಷ್ಟರಲ್ಲಿ ಆ ತುದಿಯಿಂದ "ಕಾಫಿಗೆ ಬರ್ತೀಯೇನೋ?" ಕೇಳಿಸಿತು. ಎದ್ದು ಕಿಟಕಿಗೆ ಹೋದಳು. ಕೆಳಗೆ ರಸ್ತೆ ದಾಟುತ್ತಿದ್ದರು. ಗುಬ್ಬಿಯ ಬ್ಯಾಗು ಏಣಿಯ ಹೆಗಲ ಮೇಲಿತ್ತು. ಹೆಗಲ ಮೇಲೆ! ಗಾಡಿಯೊಂದು ಜೋರಾಗಿ ಬಂದಾಗ ಅವನು ಕೈ ಅಡ್ಡ ಹಿಡಿದ. ಆ ಕೈ ಎಷ್ಟು ಹೊತ್ತು ಅಡ್ಡ ಇತ್ತು, ಗಾಡಿ ಹೋದ ಮೇಲೂ ಇತ್ತೋ ಇಲ್ಲವೋ ಅಂತ ನೋಡುವಷ್ಟರಲ್ಲಿ ಒಂದು ಬಸ್ಸು ಬಂದು ನಡುವೆ ನಿಂತಿತು. ಹಾಳು ಬಸ್ಸು.

ಕಿಟಕಿಯಿಂದ ವಾಪಸು ಬಂದವಳು ಕೂತು ಸರಾಸರಿ ತೆಗೆದಳು. ಆರು. ನೂರ ಎಂಬತ್ತಕ್ಕೆ ಆರು ಅಂದರೆ ಮೂವತ್ತು ಪಟ್ಟು! ಇಂಥ ಕಂಪನಿಗಳು ಹತ್ತು ವರ್ಷದ ಲೆಕ್ಕದಲ್ಲಿ ಹಿಂದಿನಿಂದಲೂ ಇಪ್ಪತ್ತೈದರ ಆಸುಪಾಸಿನಲ್ಲೇ ಇರುವುದು. ಅಗ್ಗವಂತೆ ಅಗ್ಗ, ಶುದ್ಧ ದುಬಾರಿ! ಆ ಮೂವತ್ತು ಅವಳ ನಾಲಿಗೆಗೆ ಸಿಹಿಯಾಯಿತು. ಸಿಹಿಯಾದ ಸಂಖ್ಯೆಯನ್ನು ಎರಡು ಸಲ ನೋಡಬೇಕು ಅಂತ ಪಾಠ ಹೇಳುತ್ತಿದ್ದವಳೂ ಅವಳೇ.

"ಅಕ್ಕಾ."

ಗುಬ್ಬಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಒಂದು ಅವಳಿಗೆ, ಒಂದು ದಶಕಳಿಗೆ. ಅಕ್ಕ ಅಂತೆ! ಎರಡು ಅಕ್ಷರದಲ್ಲಿ ಒಬ್ಬಳನ್ನು ಹಿರಿಯರ ಬೆಂಚಿನಲ್ಲಿ ಕೂರಿಸುವುದು ಹೇಗೆ ಅಂತ ಇವಳನ್ನು ಕೇಳಬೇಕು.

"ನಿಮಗೆ ಎರಡನೇ ಕಣ್ಣು ಇಲ್ವಲ್ಲ ಈ ಸಲ? ನಾನು ಓದಲಾ?"

"ನಿನ್ನ ವರದಿ ವಿರುದ್ಧವೇ ಬರೀತಿರೋದಮ್ಮಾ."

"ಅದಕ್ಕೇನೀಗ? ನಾವು ತಪ್ಪಿದ್ರೆ ಮೊದಲೇ ಗೊತ್ತಾಗಲಿ. ನಿಮ್ಮಿಂದ ಬೈಸ್ಕೊಂಡ್ರೆ ಪುಣ್ಯ, ಮೇಡಂ ಕೈಲಿ ಬೈಸ್ಕೊಂಡ್ರೆ ಪಾಪ."

"ಬೇಡ. ಆಕ್ಷೇಪಣೇನ ಸಭೇಲೇ ಎಲ್ಲರೂ ನೋಡ್ತಾರೆ."

ಗುಬ್ಬಿ ಮುಖ ಸಣ್ಣ ಮಾಡಿಕೊಂಡು ಹೋದಳು. ಕಾಫಿ ಚೆನ್ನಾಗಿತ್ತು. ಹುಡುಗಿ ಕೆಟ್ಟವಳಾದರೂ ಆಗಿದ್ದರೆ ಎಷ್ಟು ಅನುಕೂಲವಿತ್ತು!

ಸಭೆಯಲ್ಲಿ ದೊಡ್ಡ ಮೇಡಂ ಕನ್ನಡಕ ಹಣೆಗೇರಿಸಿ ಕೇಳಿದರು. ದಶಕ ಮೂವತ್ತು ಅಂದಳು. ಗುಬ್ಬಿಯ ಕೈಯಲ್ಲಿದ್ದ ಪೆನ್ನು ಸುಮ್ಮನಾಯಿತು.

"ಅಂದ್ರೆ ಇವರಿಬ್ಬರೂ ಮದುವೆ ಮನೇಲಿ ಹುಡುಗನ್ನ ನೋಡಿ ಬಂದಿದಾರೆ" ಅಂದರು ಮೇಡಂ.

ಏಣಿ ದಶಕಳ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ. ಪೆನ್ಸಿಲ್ ಎಂದಿನ ಜಾಗಕ್ಕೆ ಏರಿತು. ಅವನ ಬೆರಳು ಸಾಲಿನಿಂದ ಸಾಲಿಗೆ ಮೇಲೆ ಹತ್ತಿ ಎಲ್ಲಕ್ಕಿಂತ ಹಳೆಯ ವರ್ಷದ ಮೇಲೆ ನಿಂತಿತು. ನಿಂತೇ ಇತ್ತು.

ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ. ಹುಬ್ಬು ಏರಲಿಲ್ಲ. ಗೆದ್ದವನ ನೋಟವೂ ಅಲ್ಲ, ಬೈಯುವವನದೂ ಅಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಗೊತ್ತಾದಾಗ ನೋಡುತ್ತಾರಲ್ಲ, ಹಾಗೆ.

ದಶಕ ಆ ಬೆರಳಿನ ಕೆಳಗಿದ್ದ ಅಂಕಿ ನೋಡಿದಳು. ಎರಡು. ಆ ಕಾಲದ ವಾರ್ಷಿಕ ವರದಿಯಲ್ಲಿ ಅಚ್ಚಾಗಿದ್ದ ಎರಡು, ಹಾಗೇ ಎರಡಾಗಿಯೇ ಕೂತಿತ್ತು. ಇವತ್ತಿನ ಬೆಲೆಗೆ ತಂದಿರಲಿಲ್ಲ. ಒಂದೂ ತಂದಿರಲಿಲ್ಲ. ಹಳೆಯ ವರ್ಷಗಳೆಲ್ಲ ಹಳೆಯ ಬೆಲೆಯಲ್ಲೇ ಬಡವಾಗಿ ಕೂತು ಸರಾಸರಿಯನ್ನು ಕೆಳಗೆಳೆದಿದ್ದವು. ಊರಿಗೆಲ್ಲ ಬುದ್ಧಿ ಹೇಳಿದ ಮಾತು ಅದೊಂದೇ; ಮರೆತದ್ದೂ ಅದನ್ನೇ.

"ನಿಮ್ಮದೇನಾದ್ರೂ ಇದೆಯೇನ್ರೀ?" ಮೇಡಂ ಏಣಿಯನ್ನು ಕೇಳಿದರು.

"ಅವರ ಲೆಕ್ಕ, ಮೇಡಂ" ಅಂದ ಏಣಿ. "ಹೇಳೋದಿದ್ರೆ ಅವರೇ ಹೇಳಲಿ."

ಬಾಯಿ ಮುಚ್ಚಿಕೊಂಡಿದ್ದರೆ ವರದಿ ಬೀಳುತ್ತಿತ್ತು. ಏಣಿ ಇಲ್ಲೇ, ಪಕ್ಕದ ಮೇಜಿನಲ್ಲೇ ಇರುತ್ತಿದ್ದ. ಬಾಯಿ ಬಿಟ್ಟರೆ ಗಂಟುಮೂಟೆ ಕಟ್ಟಿ ಗುಬ್ಬಿಯ ಹಿಂದೆ ಹೊರಡುತ್ತಿದ್ದ. ಇಷ್ಟು ಸುಲಭದ ಲೆಕ್ಕವನ್ನು ಅವಳು ಈವರೆಗೂ ಹಾಕಿರಲಿಲ್ಲ. ಉತ್ತರ ಗೊತ್ತಿತ್ತು. ಆದರೆ ಅವನು ಹಾಗೆ ನೋಡಿದ ಮೇಲೆ, ಸುಳ್ಳು ಲೆಕ್ಕದಿಂದ ಹಿಡಿದಿಟ್ಟುಕೊಂಡವನನ್ನು ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಮುಖ ಎತ್ತುವುದು ಹೇಗೆ?

"ತಪ್ಪಾಗಿದೆ, ಮೇಡಂ. ನನ್ನದೇ. ಬೆಲೆ ಏರಿಕೆ ಸೇರಿಸಿಲ್ಲ."

ಎದ್ದು ಬೋರ್ಡಿನ ಮೇಲೆ ಮತ್ತೆ ಬರೆದಳು. ಆರು ಇದ್ದ ಸರಾಸರಿ ಏಳೂವರೆ ಆಯಿತು. ಮೂವತ್ತು ಇದ್ದದ್ದು ಇಪ್ಪತ್ತನಾಲ್ಕಕ್ಕೆ ಇಳಿಯಿತು. "ಅವರು ಹೇಳಿದಷ್ಟು ಅಗ್ಗ ಅಲ್ಲ. ನಾನು ಹೇಳಿದ ಹಾಗೆ ದುಬಾರಿಯೂ ಅಲ್ಲ. ತಕ್ಕ ಬೆಲೆ. ತಗೋಬಹುದು."

ಮೇಡಂ ಕನ್ನಡಕ ಮೂಗಿಗಿಳಿಸಿದರು. "ಸ್ವಲ್ಪ ತಗೊಳ್ಳೋಣ. ಮೈಮೇಲೆ ಬಿದ್ದು ಬೇಡ. ಪಾಸ್."

ದಶಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಲಿಫ್ಟ್ ಇದ್ದ ಕಟ್ಟಡ. ಮೆಟ್ಟಿಲಿಗೆ ಬರುವವರು ಫೋನಿನಲ್ಲಿ ಜಗಳ ಆಡುವವರು, ಇಲ್ಲಾ ಅಳುವವರು. ಹಿಂದಿನಿಂದ ಉದ್ದನೆಯ ನೆರಳು ಬಂತು.

"ಯಾಕೆ ಬಾಯಿ ಬಿಡಲಿಲ್ಲ ನೀವು?" ತಿರುಗದೆ ಕೇಳಿದಳು. "ನಿಮ್ಮ ವರದಿ ಮುಳುಗ್ತಾ ಇತ್ತು."

"ಯೋಚಿಸ್ತಾ ಇದ್ದೆ."

"ಏನನ್ನ?"

"ಚಹಾಕ್ಕೆ ಸಕ್ಕರೆ ಮರೆತ್ರೂ ಬೆಲೆ ಏರಿಕೆ ಮರೆಯದ ಹೆಂಗಸಿಗೆ ಏನಾಯ್ತು ಅಂತ. ಜ್ವರ ಗಿರ ಇದೆಯಾ?"

"ಇದೆ. ನಿಮ್ಮ ಜೋಡಿ ನೋಡಿ ಬಂದಿದ್ದು."

ಹೊರಬಿದ್ದ ಮಾತು, ಇನ್ನು ಬಾಲ ಹಿಡಿದು ಎಳೆಯುವುದೇನು ಬಂತು! "ಹೊಟ್ಟೆಕಿಚ್ಚು ಕಣ್ರೀ. ಸಾಕಾ? ನೀವಿಬ್ಬರೂ ಕಾಫಿಗೆ ಹೋದಾಗ ಕಿಟಕೀಲಿ ನಿಂತಿದ್ದೆ. ಅವಳ ಬ್ಯಾಗು ನಿಮ್ಮ ಹೆಗಲ ಮೇಲಿತ್ತು. ವಾಪಸ್ ಬಂದು ಕೂತಾಗ ಎಲ್ಲಿಗೆ ನಿಲ್ಲಿಸಿದ್ದೆ ಅಂತಲೇ ತಲೇಲಿ ಇರಲಿಲ್ಲ."

"ಬ್ಯಾಗ್ ತುಂಬಾ ಸ್ಯಾಂಪಲ್ ಟೈಲ್ಸ್ ಇತ್ತು. ನನ್ನ ಹೆಗಲು ಇನ್ನೂ ನೋಯ್ತಿದೆ."

"ನೋಯಲಿ."

ಅವನು ಎರಡು ಮೆಟ್ಟಿಲು ಕೆಳಗಿಳಿದು ಕೂತ. ಆಗ ಅವನ ಕಣ್ಣುಗಳು ಅವಳ ಕಣ್ಣಿಗೆ ಸಮ ಬಂದವು. ಇಷ್ಟು ಹತ್ತಿರದಿಂದ ಅವನ್ನು ನೋಡಿರಲಿಲ್ಲ. ಎಡಗಣ್ಣಿನ ಅಂಚಿನಲ್ಲಿ ಸಣ್ಣದೊಂದು ಮಚ್ಚೆ. ಗುಬ್ಬಿಗೆ ಇದು ಮೊದಲೇ ಕಂಡಿರಬಹುದೇ ಅನ್ನಿಸಿ ಮತ್ತೊಮ್ಮೆ ಚುರ್ರ್ ಅಂದಿತು.

"ಸುಳ್ಳು ಹೇಳಲ್ಲ" ಅಂದ. "ಹೋಗ್ಬೇಕು ಅನ್ನಿಸಿತ್ತು. ಅವಳ ಜೊತೆ ಇದ್ರೆ ನಗು ಬರುತ್ತೆ. ಬೇಕಾದ್ದನ್ನ ಬೇಕು ಅಂತಾಳೆ. ನೀವು ಇಷ್ಟು ವರ್ಷದಲ್ಲಿ ನನ್ನ ಹತ್ರ ಒಂದು ರಬ್ಬರ್ ಕೂಡ ಕೇಳಿಲ್ಲ. ನನ್ನಿಂದ ನಿಮಗೆ ಏನೂ ಬೇಡ ಅಂದ್ಕೊಂಡುಬಿಟ್ಟೆ."

"ಕೇಳಿದ್ರೆ ಕೊಡ್ತಿದ್ರಾ?"

"ಕೇಳಿದ್ದಿದ್ರೆ ಗೊತ್ತಾಗ್ತಿತ್ತು."

ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ಹಾಕಿದರು. ದಶಕ ಬಳೆಯನ್ನು ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು.

"ಹೋಗ್ಬೇಡ" ಅಂದಳು.

ಅವನ ಕಿವಿ ಕೆಂಪಾಯಿತು. ಅಷ್ಟು ಉದ್ದದ ಗಂಡಸಿನಲ್ಲಿ ನಾಚಿಕೆ ಮೊದಲು ಕಿವಿಗೆ ಬರುತ್ತದೆ ಅಂತ ಅವಳಿಗೆ ಯಾರು ಹೇಳಿದ್ದರು?

"ಅಲ್ಲಿ ಸಂಬಳ ಜಾಸ್ತಿ" ಅಂತ ತಾನೇ ಸೇರಿಸಿದಳು, ಹೆದರಿ.

"ಗೊತ್ತು. ನೆನಪಿಸಬೇಡ, ಹೊಟ್ಟೆ ಉರಿಯುತ್ತೆ." ಅವಳ ಬಳೆಯ ಮೇಲೆ ಒಂದು ಬೆರಳಿಟ್ಟು ಅದು ಸುತ್ತುವುದನ್ನು ನಿಲ್ಲಿಸಿದ. ಅವಳೂ ಕೈ ಎಳೆದುಕೊಳ್ಳಲಿಲ್ಲ. "ಮೇಡಂಗೆ ಹೇಳಿ ಬರ್ತೀನಿ. ಇಲ್ಲೇ ಇರು. ಕಿಟಕಿ ಕಡೆ ಮಾತ್ರ ಹೋಗಬೇಡ."

ಅವನು ವಾಪಸು ಬಂದಾಗ ಜೊತೆಗೆ ಗುಬ್ಬಿಯೂ ಇದ್ದಳು. ಅವಳ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಬಾಯಿ ಮಾತ್ರ ಎಂದಿನಂತೆ ಚುರುಕು. ದಶಕ ಅದನ್ನು ನೋಡಿದಳು, ನೋಡಿಯೂ ನೋಡದ ಹಾಗೆ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಅಕ್ಕಾ, ನನ್ನ ಏಣೀನ ಕಿತ್ಕೊಂಡ್ರಲ್ಲ! ಹೋಗಲಿ ಬಿಡಿ, ಆ ಎತ್ತರಕ್ಕೆ ಮಾತಾಡಿ ಮಾತಾಡಿ ನನ್ನ ಕತ್ತು ನೋಯ್ತಿತ್ತು. ಮೇಡಂ ಏನಂದ್ರು ಗೊತ್ತಾ? ಅವನು ಹೋಗದಿದ್ರೆ ದಶಕಳನ್ನ ಕಳಿಸ್ತೀನಿ, ತನ್ನ ತಪ್ಪನ್ನ ತಾನೇ ಬೋರ್ಡ್ ಮೇಲೆ ಬರೆಯೋಳು ಹೊಸಬರಿಗೆ ಪಾಠ ಹೇಳಲಿ ಅಂದ್ರು. ನೀವು ಒಂದು ತಿಂಗಳು ನನ್ನ ಜೊತೆ!"

"ಒಂದು ತಿಂಗಳಾ?" ಅಂದ ಏಣಿ. ಒಳಗೆ ಮೇಡಂ ಎದುರು ತಲೆಯಾಡಿಸಿ ಬಂದವನಿಗೆ ಲೆಕ್ಕ ಈಗ ಹತ್ತಿದ ಹಾಗಿತ್ತು.

"ಅಲ್ಲಿನ ಮ್ಯಾನೇಜರ್ ಇದಾರಲ್ಲ, ಅವರೂ ಹತ್ತು ವರ್ಷದ ಲೆಕ್ಕದ ಹುಚ್ಚರಂತೆ, ಅಕ್ಕಾ. ನಿಮ್ಮ ವರದಿ ಎಲ್ಲಾ ಓದಿದಾರಂತೆ. ಇನ್ನೂ ಮದುವೆ ಆಗಿಲ್ಲ."

ಏಣಿ ಗೋಡೆಗೆ ಒರಗಿದ. ಒರಗಿದವನು ನೆಟ್ಟಗಾದ. ಕಾಲರ್ ಸರಿಮಾಡಿಕೊಂಡ.

"ಎತ್ತರ ಎಷ್ಟಂತೆ?" ಅಂದ.

ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದಳು. ದಶಕ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಅವನನ್ನೇ ಕಣ್ತುಂಬ ನೋಡುತ್ತಾ ಕೂತಳು. ಇಷ್ಟು ದಿನ ತಾನೊಬ್ಬಳೇ ಕಚ್ಚಿಕೊಂಡಿದ್ದ ಹುಳಿಕಾಯಿಯನ್ನು ಇನ್ನೊಬ್ಬ ಕಚ್ಚುವಾಗ ಆ ಮುಖ ಎಷ್ಟು ಚೆಂದ ಕಾಣುತ್ತದೆ!